ರೋಗಾಣು ಸತ್ತರೂ ಉಳಿಯುವ ವಿಷ

ಮೃಗಶಿರ ಮಳೆಗೆ ಭಾಲ್ಕಿ, ಔರಾದ್ ಸೀಮೆಯ ಬದುಗಳಲ್ಲಿ ಎಳೆ ಹುಲ್ಲು ಚಿಗುರಿದಾಗ ಕುರಿಗಾರರಿಗೆ ಖುಷಿಯ ಜೊತೆಗೆ ಅಳುಕೂ ಇರುತ್ತದೆ. ಕರುಳುಬೇನೆಯ ಕಾಲವದು. ಬಡಕಲು ಮರಿಗಿಂತ ಮೈತುಂಬಿಕೊಂಡ ಮರಿಯ ಮೇಲೇ ಅದರ ಕಣ್ಣು. ಸಂಜೆ ಹೊಟ್ಟೆತುಂಬ ಮೇದು ದೊಡ್ಡಿ ಸೇರಿದ್ದು ಬೆಳಗಾಗುವಷ್ಟರಲ್ಲಿ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ.

ಇದಕ್ಕೆ ಕಾರಣವಾದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಕುರಿಯ ಕರುಳಲ್ಲಿ ಮೊದಲೇ ಅಷ್ಟಿಷ್ಟು ಇರುವಂಥದ್ದೇ. ಸಮೃದ್ಧ ಮೇವು ಒಮ್ಮೆಲೇ ಇಳಿದಾಗ ಅದು ಮಿತಿಮೀರಿ ಬೆಳೆದು ಎಪ್ಸಿಲಾನ್ ಎಂಬ ವಿಷ ಸುರಿಸುತ್ತದೆ. ಸುರಿದದ್ದು ಇನ್ನೂ ಅರೆಬರೆ. ಕುರಿಯ ಜೀರ್ಣರಸದ ಟ್ರಿಪ್ಸಿನ್ ಕತ್ತರಿಸಿಕೊಟ್ಟ ಮೇಲೆ ಅದಕ್ಕೆ ಪೂರ್ತಿ ಬಲ ಬರುತ್ತದೆ. ಅದು ರಕ್ತಕ್ಕಿಳಿದು ಮಿದುಳು, ಮೂತ್ರಪಿಂಡ ಮುಟ್ಟಿದ ಮೇಲೆ ಎಂಥ ಆ್ಯಂಟಿಬಯಾಟಿಕ್ ಚುಚ್ಚಿದರೂ ಮರಿ ಉಳಿಯುವುದು ಕಷ್ಟ. ಬ್ಯಾಕ್ಟೀರಿಯಾ ಸತ್ತೀತು, ಸುರಿದ ವಿಷ ಎಲ್ಲಿ ಹೋಗಬೇಕು?

ಕೊಲ್ಲುವುದು ವಿಷವಾಗಿದ್ದಾಗ ಬ್ಯಾಕ್ಟೀರಿಯಾದ ಬೆನ್ನು ಹತ್ತಿ ಏನು ಫಲ? ಹೊಲದಲ್ಲಿ ಹಾವು ಕಚ್ಚಿದವನನ್ನು ಬೀದರಿನ ಆಸ್ಪತ್ರೆಗೆ ಒಯ್ಯುತ್ತೇವೆ; ಹಾವನ್ನು ಹೊಡೆದರೆ ವಿಷ ಇಳಿಯುತ್ತದೆಂದು ಕಾಯುತ್ತಾ ಕೂರುವುದಿಲ್ಲ. ಅಲ್ಲಿ ಕೊಡುವ ಕುದುರೆ ರಕ್ತದ ಪ್ರತಿವಿಷದ ಮೂಲವೂ ಈ ವಿಚಾರದಲ್ಲೇ ಇದೆ. 1890ರಲ್ಲಿ ಬರ್ಲಿನ್ನಿನಲ್ಲಿ ವಿಜ್ಞಾನಿಗಳಾದ ಬೆಹ್ರಿಂಗ್ ಮತ್ತು ಕಿಟಸಾಟೊ, ಧನುರ್ವಾಯುವಿಗೆ ಪ್ರತಿರೋಧ ಬೆಳೆಸಿಕೊಂಡ ಪ್ರಾಣಿಯ ರಕ್ತರಸ ಇನ್ನೊಂದು ಪ್ರಾಣಿಯನ್ನು ಕಾಯಬಲ್ಲದೆಂದು ತೋರಿಸಿದರು. ಪೆನಿಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ. ನಾವಿಂದು ಆ್ಯಂಟಿಬಯಾಟಿಕ್‌ಗೆ ‘ಪರ್ಯಾಯ’ ಎನ್ನುತ್ತಿರುವುದೇ ಹಿರಿಯಣ್ಣ!

ಪ್ರತಿವಿಷದ ಕಡೆ ಮತ್ತೆ ನೋಡುವಂತೆ ಮಾಡಿದ್ದು ಆ್ಯಂಟಿಬಯಾಟಿಕ್ ಬಳಕೆಯಲ್ಲಿ ನಾವೇ ತೋರಿದ ಧಾರಾಳತನ. ಔಷಧಕ್ಕೆ ಬಗ್ಗದ ಸೋಂಕುಗಳು ನೇರವಾಗಿ ಬಲಿ ಪಡೆದವರು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಎಂದು ಅಂದಾಜು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಳ್ಳಬೇಕಿದ್ದ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಕೋಳಿಗಳ ಮೈ ಬೆಳೆಸಲು ಬಳಸುತ್ತಿದ್ದೆವು. ಭಾರತ ಅದನ್ನು ನಿಷೇಧಿಸಿದ್ದೂ ಆ ವರ್ಷವೇ. ಆ್ಯಂಟಿಬಯಾಟಿಕ್ ದುರ್ಬಲ ಬ್ಯಾಕ್ಟೀರಿಯಾಗಳನ್ನು ಕೊಂದು ಗಟ್ಟಿಗರಿಗೆ ಜಾಗ ತೆರವು ಮಾಡಿಕೊಡುತ್ತದೆ. ವಿಷವನ್ನಷ್ಟೇ ತಡೆದರೆ ಆ ಒತ್ತಡ ಕಡಿಮೆ. ಪೂರ್ತಿ ಇಲ್ಲವೆನ್ನಲಾಗದು, ವಿಷದಿಂದ ಬ್ಯಾಕ್ಟೀರಿಯಾಕ್ಕೆ ಲಾಭವಿದ್ದಲ್ಲಿ ಅದು ಬೇರೆ ದಾರಿ ಹುಡುಕೀತು.

ಹಾಗೆಂದು ಪ್ರತಿವಿಷವನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವವರ ಸಾಲಿಗೆ ನಾನು ಸೇರಲಾರೆ. ಕ್ಷಯದಂಥ ರೋಗ ಒಂದೇ ವಿಷದ ಮೇಲೆ ನಿಂತಿಲ್ಲ. ಧನುರ್ವಾಯುವಿನ ವಿಷ ನರದೊಳಗೆ ಹೊಕ್ಕ ಮೇಲೆ ಪ್ರತಿವಿಷ ಅದನ್ನು ಎಳೆದು ತರಲಾರದು. ಡಿಫ್ತೀರಿಯಾದಲ್ಲಿ ಪ್ರತಿವಿಷದ ಜೊತೆ ಆ್ಯಂಟಿಬಯಾಟಿಕ್ ಕೂಡ ಬೇಕು. ಮಾರುಕಟ್ಟೆಯ ಮಾತಂತೂ ಬೇರೆಯೇ: ಕರುಳಿನ ಸಿ. ಡಿಫಿಸಿಲ್ ಸೋಂಕು ಮರುಕಳಿಸದಂತೆ ಅದರ ವಿಷವನ್ನು ಹಿಡಿಯುವ ಬೆಜ್ಲೊಟಾಕ್ಸುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. 2025ರ ಆರಂಭದಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು.

ಹಾಗಾಗಿ ಈ ದಾರಿಯ ನಿಜವಾದ ಬಲ ಇರುವುದು ರೋಗಕ್ಕೆ ಮೊದಲು. ಫಾರ್ಮಲಿನ್‌ನಿಂದ ವಿಷದ ಹಲ್ಲು ಕಿತ್ತು ಲಸಿಕೆ ಮಾಡುವ ವಿದ್ಯೆ 1920ರ ದಶಕದ್ದು. ಕರುಳುಬೇನೆಯ ಲಸಿಕೆಯೂ ಅದೇ ಜಾತಿಯದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಂಗಸಂಸ್ಥೆಯಾದ ಬೆಂಗಳೂರಿನ ಹೆಬ್ಬಾಳದ ಸಂಸ್ಥೆ ಇದನ್ನು ತಯಾರಿಸುತ್ತದೆ. ಗಬ್ಬದ ಕುರಿಗೆ ಈಯುವ ಕೆಲವು ವಾರ ಮೊದಲು ಲಸಿಕೆ ಹಾಕಿದರೆ ಅದರ ಗಿಣ್ಣುಹಾಲಿನಲ್ಲಿ ಪ್ರತಿವಿಷ ಇಳಿದು ಮರಿಯ ಹೊಟ್ಟೆ ಸೇರುತ್ತದೆ. ಆದರೆ ಲಸಿಕೆ ಮಳೆಗೆ ಮುಂಚೆ ದೊಡ್ಡಿ ಮುಟ್ಟಬೇಕು, ದಾರಿಯುದ್ದಕ್ಕೂ ತಣ್ಣಗಿರಬೇಕು, ಮೊದಲ ಬಾರಿ ಹಾಕಿಸಿಕೊಂಡ ಮರಿಗೆ ಎರಡನೆಯ ಡೋಸೂ ಸಿಗಬೇಕು. ಹೊಸ ಔಷಧದ ಸಂಶೋಧನೆಗೆ ಹಣ ಕೇಳುವವರು ಔರಾದಿನ ಮೇ ತಿಂಗಳ ಬಿಸಿಲಲ್ಲಿ ಹಳ್ಳಿಹಳ್ಳಿಗೆ ಹೋಗುವ ಐಸ್ ಡಬ್ಬಿಗೂ ಒಂದಿಷ್ಟು ಕೇಳಲಿ.