‘ರೈತರ ಲೀಗ್’ ಅಂತ ನಗುವ ಮುಂಚೆ ಕೇನ್, ಹಾಲಂಡ್ ಲೆಕ್ಕ ನೋಡಿ

ಮೊನ್ನೆ ಕಣದಲ್ಲಿ ಮೆಕ್ಕೆಜೋಳದ ರಾಶಿ ಪಕ್ಕ ಕೂತು ಚಿಕ್ಕಪ್ಪನ ಮಗ ಮೊಬೈಲ್‌ನಲ್ಲಿ ಹ್ಯಾರಿ ಕೇನ್ ಗೋಲುಗಳ ವಿಡಿಯೊ ನೋಡುತ್ತಿದ್ದ. ‘ಎಷ್ಟು ಚೆನ್ನಾಗಿ ಹೊಡೀತಾನಲ್ಲೋ’ ಅಂದೆ. ‘ಬಿಡಣ್ಣ, ಜರ್ಮನಿದು ಫಾರ್ಮರ್ಸ್ ಲೀಗು. ಅಲ್ಲಿ ಯಾರ್ ಬೇಕಾದ್ರೂ ಹೊಡೀತಾರೆ. ಹಾಲಂಡ್ ನೋಡು, ಇಂಗ್ಲೆಂಡಲ್ಲಿ ಹೊಡೀತಾನೆ’ ಅಂದ.

ಫಾರ್ಮರ್ಸ್ ಲೀಗ್, ಅಂದರೆ ರೈತರ ಲೀಗ್. ವಾರವೆಲ್ಲ ಹೊಲ ಉತ್ತು, ರಜೆ ದಿನ ಚೆಂಡು ಒದೆಯುವವರ ಆಟ ಎಂಬ ಅಣಕ. ಜರ್ಮನಿ, ಫ್ರಾನ್ಸ್ ಲೀಗುಗಳನ್ನು ಹೀಗಳೆಯಲು ಬಳಸುವ ಮಾತು. ಅದನ್ನು ರೈತನ ಮಗನೇ ರಾಶಿ ಪಕ್ಕ ಕೂತು ಹೇಳಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸರಿ, ಲೆಕ್ಕಕ್ಕೇ ಬರೋಣ. ಇಂಗ್ಲೆಂಡಿಗೆ ಹೋಗುವ ಮುಂಚೆ ಹಾಲಂಡ್ ಆಡಿದ್ದು ಜರ್ಮನಿಯ ಡಾರ್ಟ್ಮಂಡ್‌ಗೆ. ಅಲ್ಲಿ ಲೀಗಿನ 67 ಪಂದ್ಯದಲ್ಲಿ 62 ಗೋಲು. 2022ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋದ. ಮೊದಲ ವರ್ಷವೇ 35 ಪಂದ್ಯದಲ್ಲಿ 36 ಗೋಲು, ಪ್ರೀಮಿಯರ್ ಲೀಗಿನ ದಾಖಲೆ. ಮುಂದಿನ ಎರಡು ವರ್ಷ 27 ಮತ್ತು 22. ಮೂರೂ ಸೇರಿಸಿದರೆ 97 ಪಂದ್ಯಕ್ಕೆ 85. ಎರಡೂ ದೇಶದಲ್ಲಿ ಹತ್ತು ಪಂದ್ಯಕ್ಕೆ ಹೆಚ್ಚುಕಡಿಮೆ ಒಂಬತ್ತು ಗೋಲು. ಜರ್ಮನಿ ಅಷ್ಟು ಸಲೀಸಾಗಿದ್ದರೆ ಇಂಗ್ಲೆಂಡಿನಲ್ಲಿ ಇವನ ಲೆಕ್ಕ ಅರ್ಧಕ್ಕಿಳಿಯಬೇಕಿತ್ತಲ್ಲವೇ?

ಕೇನ್ ಉಲ್ಟಾ ದಾರಿ ಹಿಡಿದವನು. ಟಾಟನ್‌ಹ್ಯಾಮ್ ಕಾಲದಲ್ಲಿ ಪ್ರೀಮಿಯರ್ ಲೀಗಿನ 317 ಪಂದ್ಯಕ್ಕೆ 213 ಗೋಲು. 2023ರಲ್ಲಿ ಬಾಯರ್ನ್ ಮ್ಯೂನಿಕ್ ಸೇರಿದ ಮೇಲೆ ಮೊದಲೆರಡು ವರ್ಷ ಲೀಗಿನ 63 ಪಂದ್ಯಕ್ಕೆ 62. ಇಲ್ಲಿ ನನ್ನ ತಮ್ಮನ ಮಾತಿಗೆ ಸ್ವಲ್ಪ ಬಲ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಕೇನ್ ಬದಲಿಸಿದ್ದು ದೇಶ ಮಾತ್ರ ಅಲ್ಲ, ತಂಡವನ್ನೂ. ಬಾಯರ್ನ್ 2013ರಿಂದ 2023ರವರೆಗೆ ಸತತ 11 ಸಲ ಚಾಂಪಿಯನ್. ಪಂದ್ಯದ ಬಹುಪಾಲು ಹೊತ್ತು ಎದುರಾಳಿ ಗೋಲಿನ ಮುಂದೆಯೇ ಆಡುವ ತಂಡ. ಅದೇ ಬೀಜ ನೀರಾವರಿ ಹೊಲದಲ್ಲಿ ಬಿತ್ತಿದರೆ ಒಂದು ಇಳುವರಿ, ಮಳೆ ನಂಬಿದ ಹೊಲದಲ್ಲಿ ಇನ್ನೊಂದು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಜರ್ಮನಿಯಿಂದ ಹೋಗಿ ಸೋತವರೂ ಇದ್ದಾರೆ. ಟಿಮೊ ವೆರ್ನರ್ ಲೈಪ್‌ಜಿಗ್‌ಗೆ ಒಂದೇ ಋತುವಿನಲ್ಲಿ 28 ಗೋಲು ಹೊಡೆದವನು, ಮರುವರ್ಷ ಚೆಲ್ಸಿಯಲ್ಲಿ ಲೀಗಿನ ಗೋಲು ಬರೀ ಆರು. ಎದುರಾಳಿ ಮುಂದೆ ಬಂದು ಆಡಿ, ಹಿಂದೆ ಜಾಗ ಬಿಟ್ಟರೆ ಓಡಿಹೋಗಿ ಹೊಡೆಯುವ ಆಟ ಅವನದು. ಚೆಲ್ಸಿ ಎದುರು ಹಲವು ತಂಡಗಳು ಹಿಂದೆಯೇ ಗುಂಪು ಕಟ್ಟಿ ನಿಂತವು. ಓಡಲು ಜಾಗವೆಲ್ಲಿ? ಅದೇ ವುಲ್ಫ್ಸ್‌ಬರ್ಗ್‌ನಿಂದ 2015ರಲ್ಲಿ ಸಿಟಿಗೆ ಹೋದ ಡಿ ಬ್ರೂಯ್ನ ಇಂಗ್ಲೆಂಡನ್ನೇ ಆಳಿದ.

ಇನ್ನು ಅಣಕದ ವಿಷಯ. 2020ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿದ್ದ ನಾಲ್ಕು ತಂಡಗಳಲ್ಲಿ ಎರಡು ಜರ್ಮನಿಯವು, ಎರಡು ಫ್ರಾನ್ಸಿನವು. ಇಂಗ್ಲೆಂಡಿನದು ಒಂದೂ ಇಲ್ಲ. ಬಾಯರ್ನ್ ಚೆಲ್ಸಿಯನ್ನು ಎರಡು ಪಂದ್ಯ ಸೇರಿ 7-1ರಿಂದ, ಲೈಪ್‌ಜಿಗ್ ಟಾಟನ್‌ಹ್ಯಾಮನ್ನು 4-0ಯಿಂದ ಹೊಡೆದಿದ್ದವು. ಲಿಯಾನ್ ತಂಡ ಸಿಟಿಯನ್ನು ಸೋಲಿಸಿದ ರಾತ್ರಿ ಎಂಬಾಪೆ ‘ಫಾರ್ಮರ್ಸ್ ಲೀಗ್’ ಎಂದು ಟ್ವೀಟ್ ಮಾಡಿ, ಜೊತೆಗೆ ಜೋಕರ್ ಮುಖ ಹಾಕಿದ್ದ.

ಹೋಫನ್‌ಹೈಮ್ ಗೊತ್ತೇ? ಸುಮಾರು ಮೂರು ಸಾವಿರ ಜನರ ಹಳ್ಳಿ. ಅದರ ಹೆಸರಿನ ತಂಡ 2008ರಿಂದ ಜರ್ಮನಿಯ ಮೇಲಿನ ಲೀಗಿನಲ್ಲಿದೆ. ಹಿಂದೆ ದೊಡ್ಡ ದುಡ್ಡಿನ ಧಣಿ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಲಿವರ್‌ಪೂಲ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದ ಫರ್ಮಿನೊ ಯುರೋಪಿನಲ್ಲಿ ಪಳಗಿದ್ದು ಆ ಹಳ್ಳಿಯ ತಂಡದಲ್ಲೇ.

ಕೇನ್, ಹಾಲಂಡ್ ಇಬ್ಬರಲ್ಲಿ ಯಾರು ಮೇಲು? ನನ್ನ ಓಟು ಕೇನ್‌ಗೆ. ಗೋಲಿನ ಮುಂದೆ ಕಾದು ನಿಂತು ಮಿಂಚಿನಂತೆ ಹೊಡೆಯುವುದರಲ್ಲಿ ಹಾಲಂಡ್‌ಗೆ ಸಾಟಿಯಿಲ್ಲ. ಆದರೆ ಕೇನ್ ಹಿಂದೆ ಇಳಿದು ಬಂದು ಬೇರೆಯವರಿಗೆ ಗೋಲು ಮಾಡಿಸಿಕೊಡುತ್ತಾನೆ. 2020-21ರಲ್ಲಿ ಪ್ರೀಮಿಯರ್ ಲೀಗಿನ ಅತಿ ಹೆಚ್ಚು ಗೋಲೂ ಅವನದೇ, 23; ಅತಿ ಹೆಚ್ಚು ಗೋಲಿನ ಪಾಸೂ ಅವನದೇ, 14. ಅದೂ ಇಂಗ್ಲೆಂಡಿನಲ್ಲೇ.

ಇದಿಷ್ಟನ್ನೂ ತಮ್ಮನಿಗೆ ಹೇಳಿದೆ. ‘ಆಯ್ತಣ್ಣ, ಸಲಾ ಜರ್ಮನಿಗೆ ಹೋಗಿದ್ರೆ ವರ್ಷಕ್ಕೆ ಐವತ್ತು ಹೊಡೀತಿದ್ದ’ ಅಂದು ಜೋಳ ತುಂಬಲು ಚೀಲ ತರಲು ಎದ್ದುಹೋದ.