ಬಡ್ಡಿಯಿಲ್ಲದ ಸಾಲ ಕೊಡುವ ವಿದ್ಯಾರ್ಥಿ

ಬೆಂಗಳೂರಿನಲ್ಲಿ 8,000 ರೂಪಾಯಿ ಬಾಡಿಗೆಯ ಕೋಣೆಗೆ ನನಗೆ ಕೇಳಿದ್ದು ಹತ್ತು ತಿಂಗಳ ಅಡ್ವಾನ್ಸ್: 80,000. ಚನ್ನರಾಯನದುರ್ಗದ ಕಡೆ ಶೇಂಗಾ ಬೆಳೆಯುವ ನಮ್ಮಂಥವರ ಮನೆಗೆ ಅದು ಬಡ್ಡಿಗೆ ತಂದ ಕೈಸಾಲ. ಮಾಲೀಕರಿಗೆ ಅದೇ ದುಡ್ಡು ಬಡ್ಡಿಯಿಲ್ಲದ ಬಂಡವಾಳ.

‘ಹುಡುಗರು ಬಾಕಿ ಉಳಿಸಿ ಹೋಗುತ್ತಾರೆ’ ಎನ್ನುತ್ತಾರೆ. ಒಪ್ಪೋಣ. ಆ ಭಯಕ್ಕೆ ಎರಡು ತಿಂಗಳ ಭದ್ರತೆ ಸಾಲದೆ? 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಹೇಳುವ ಮಿತಿಯೂ ಅಷ್ಟೇ. ಆದರೆ ‘ಮಾದರಿ’ ರಾಜ್ಯಗಳಿಗೆ ಕಡ್ಡಾಯವಲ್ಲ. ನಮ್ಮ 1999ರ ಬಾಡಿಗೆ ಕಾಯ್ದೆಯೋ, ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿದೆ.

ಪ್ರವೇಶ ಪರೀಕ್ಷೆ ಗೆದ್ದವರನ್ನು ಅಡ್ವಾನ್ಸ್ ಸೋಲಿಸಬಾರದು. ಎಲ್ಲರಿಗೂ ಹಾಸ್ಟೆಲ್ ಕಟ್ಟಲು ವರ್ಷಗಳು ಬೇಕು. ಎರಡು ತಿಂಗಳ ಮಿತಿಗೆ ಒಂದು ತಿದ್ದುಪಡಿ ಸಾಕು. ಅದನ್ನಾದರೂ ಕೇಳೋಣ.