ಗುಲಾಮಗಿರಿ ಅಳಿಯಿತು, ಸಿದ್ದಿಗಳ ಪ್ರಶ್ನೆ ಉಳಿಯಿತು

ನವಿಮುಂಬಯಿಯ ರೈಲು ನಿಲ್ದಾಣದಲ್ಲೋ ಡೊಂಬಿವಲಿಯ ಪೇಟೆಯಲ್ಲೋ ಗುಂಗುರು ಕೂದಲಿನ, ಕಡುಗಪ್ಪು ಮೈಬಣ್ಣದ ವ್ಯಕ್ತಿಯೊಬ್ಬರನ್ನು ಕಂಡೊಡನೆ ಅವರು ಪರದೇಶದವರೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಅವರ ಊರು ಯಲ್ಲಾಪುರವೋ ಹಳಿಯಾಳವೋ ಆಗಿರಬಹುದು, ಅವರು ನಮ್ಮಂತೆಯೇ ಕನ್ನಡಿಗರಾಗಿರಬಹುದು ಎಂಬ ಯೋಚನೆ ನಮಗೆ ಹೊಳೆಯುವುದಿಲ್ಲ.

ಗುಲಾಮರ ವ್ಯಾಪಾರವೆಂದರೆ ಅಮೆರಿಕದ ಕಥೆಯೆಂದೇ ನಮ್ಮ ಭಾವನೆ. ಅಟ್ಲಾಂಟಿಕ್ ಸಾಗರದಾಚೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹಡಗಿನಲ್ಲಿ ತುಂಬಿ ಸಾಗಿಸಲಾಯಿತೆಂದು ಇತಿಹಾಸಕಾರರು ಅಂದಾಜಿಸಿದ್ದಾರೆ. ಆದರೆ ಹಿಂದೂ ಮಹಾಸಾಗರದ ವ್ಯಾಪಾರ ಅದಕ್ಕಿಂತಲೂ ಹಳೆಯದು. ಪೋರ್ಚುಗೀಸರು ಮೊಜಾಂಬಿಕ್‌ನಿಂದ ಗೋವೆಗೆ ಗುಲಾಮರನ್ನು ತಂದರು. ನಮ್ಮ ಥಾಣೆಯೂ 1737ರಲ್ಲಿ ಮರಾಠರ ವಶವಾಗುವವರೆಗೆ ಅದೇ ಪೋರ್ಚುಗೀಸರ ಅಧೀನದಲ್ಲಿತ್ತು. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಸೂತ್ರಧಾರನಾದ. ನಾವು ಪ್ರವಾಸ ಹೋಗುವ ಮುರುಡ್-ಜಂಜೀರಾವನ್ನು ಸಿದ್ದಿ ನವಾಬರು 1948ರವರೆಗೆ ಆಳಿದರು. ಇಂತಹ ಭಾಗ್ಯ ಬಹುಪಾಲು ಜನರಿಗೆ ಒದಗಲಿಲ್ಲ. ಗೋವೆಯ ಒಡೆಯರಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡುಗಳನ್ನು ಸೇರಿದರು. ಅವರ ಸಂತತಿಯೇ ಇಂದು ಉತ್ತರ ಕನ್ನಡ, ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ.

ಬ್ರಿಟನ್ 1833ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು; ಇಲ್ಲಿಗೆ ಪ್ರತ್ಯೇಕ ಕಾನೂನು ಬಂದದ್ದು 1843ರಲ್ಲಿ. ಆ ಕಾನೂನು ಮನುಷ್ಯನ ಮೇಲಿನ ಒಡೆತನವನ್ನು ಮಾನ್ಯ ಮಾಡಲಿಲ್ಲ, ಆದರೆ ಬಿಡುಗಡೆಯಾದವನಿಗೆ ಭೂಮಿಯನ್ನೂ ಕೊಡಲಿಲ್ಲ. ಪರರ ತೋಟ, ಗದ್ದೆಗಳಲ್ಲಿ ಕೂಲಿಮಾಡುವುದೇ ಅನೇಕರ ಪಾಲಿಗೆ ಬದುಕಾಯಿತು.

ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಜಿಲ್ಲೆಯ ಗಡಿಯಾಚೆ ಖಾನಾಪುರ, ಕಲಘಟಗಿಗಳಲ್ಲಿದ್ದ ಬಂಧುಗಳು 2020ರವರೆಗೆ, ಹದಿನೇಳು ವರ್ಷ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು ಆ ಸಮುದಾಯಕ್ಕೆ ಹೆಮ್ಮೆಯ ಸಂಗತಿ. ಆದರೆ ದುಡಿಮೆಗಾಗಿ ಮಹಾರಾಷ್ಟ್ರಕ್ಕೆ ಬಂದ ಸಿದ್ದಿಗೆ ಇಲ್ಲಿನ ರಾಜ್ಯ ಮೀಸಲಾತಿ ಸಲ್ಲದು. ಆಂಧ್ರದಿಂದ ಮುಂಬಯಿಗೆ ಬಂದ ವಿದ್ಯಾರ್ಥಿಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1990ರಲ್ಲಿಯೇ ಈ ತತ್ತ್ವವನ್ನು ಎತ್ತಿಹಿಡಿದಿದೆ. ಇದು ಎಲ್ಲ ವಲಸಿಗರಿಗೂ ಅನ್ವಯಿಸುವ ನಿಯಮವಾದರೂ, ಹುಟ್ಟುನೆಲವನ್ನೇ ಕಸಿದುಕೊಂಡ ಚರಿತ್ರೆಯುಳ್ಳ ಜನರಿಗೆ ಹಕ್ಕು ದೊರೆಯುವುದು ನೆಲದ ಆಧಾರದ ಮೇಲೆಯೇ ಎಂಬುದು ವಿಪರ್ಯಾಸವಲ್ಲವೇ?

ಕಾನೂನಿನಿಂದಾಗದ ಕೆಲಸ ಇನ್ನೊಂದಿದೆ. 2016ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸುಡಾನಿನವನೊಬ್ಬನ ಕಾರು ಮಾಡಿದ ಅಪಘಾತದ ಸಿಟ್ಟನ್ನು ಜನರ ಗುಂಪು ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡಿತು. ಮೈಬಣ್ಣವೊಂದೇ ಅಪರಾಧವಾಗುವ ಈ ಮನಸ್ಸು ಗುಲಾಮರ ಪೇಟೆಯ ಪಳೆಯುಳಿಕೆ.

ಹೊರನಾಡಿನಲ್ಲಿ ‘ನೀವು ಎಲ್ಲಿಯವರು?’ ಎಂಬ ಪ್ರಶ್ನೆಯನ್ನು ನಾವೂ ಎದುರಿಸಿದ್ದೇವೆ. ನಾಲ್ಕಾರು ತಲೆಮಾರುಗಳಿಂದ ಕರ್ನಾಟಕದಲ್ಲೇ ಬಾಳಿದವರಿಗೆ ಕನ್ನಡಿಗರೇ ಆ ಪ್ರಶ್ನೆ ಕೇಳಿದರೆ ಆಗುವ ನೋವು ನಮಗೆ ಅರ್ಥವಾಗಬೇಕು. ರಾಜ್ಯೋತ್ಸವದ ವೇದಿಕೆಗೆ ಸಿದ್ದಿಗಳ ಡಮಾಮಿ ಕುಣಿತವನ್ನು ಕರೆಸಿ ಚಪ್ಪಾಳೆ ತಟ್ಟಿದರಷ್ಟೇ ಸಾಲದು. ನಮ್ಮ ಕಟ್ಟಡದಲ್ಲಿ ಬಾಡಿಗೆಮನೆ ಕೇಳಿಬಂದ ಸಿದ್ದಿ ಕುಟುಂಬಕ್ಕೆ ಬಾಗಿಲು ತೆರೆಯುವುದು, ಸಂಘದ ಸದಸ್ಯತ್ವಕ್ಕೆ, ವಿದ್ಯಾರ್ಥಿವೇತನಕ್ಕೆ ಅವರ ಮಕ್ಕಳನ್ನೂ ನಮ್ಮವರೆಂದೇ ಪರಿಗಣಿಸುವುದು ನಮ್ಮ ಕೈಯಲ್ಲಿಯೇ ಇದೆ.